ವರಲಕ್ಷ್ಮಿ ಮೇಡಂ ಅವರ ಲೂಪ್ ಪಾಠ

ಹುಣಸೆ ಬೀಜದ ಡಬ್ಬಿಯಿಲ್ಲದೆ ವರಲಕ್ಷ್ಮಿ ಮೇಡಂ ಲ್ಯಾಬಿಗೆ ಕಾಲಿಡುತ್ತಿರಲಿಲ್ಲ. ಗೌರಿಬಿದನೂರಿನ ನಮ್ಮ ಕಾಲೇಜಿನಲ್ಲಿ ಬಿಸಿಎ ಹುಡುಗಿಯರಿಗೆ ಅವರು ಲೂಪ್, ಅಂದರೆ ಕಂಪ್ಯೂಟರಿನಿಂದ ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡಿಸುವುದನ್ನು, ಕಲಿಸುತ್ತಿದ್ದದ್ದೇ ಆ ಬೀಜಗಳಿಂದ. ಒಂದೊಂದು ಸುತ್ತಿಗೂ ಕೈಯಲ್ಲಿನ ಒಂದು ಬೀಜ ಡಬ್ಬಿಗೆ. ಕೈ ಖಾಲಿಯಾದರೆ ನಿಲ್ಲಬೇಕು. ಅದು ಸರಿಯಾಗಿ ಬಂದ ಮೇಲೆಯೇ ಕೀಬೋರ್ಡ್ ಮುಟ್ಟಲು ಅಪ್ಪಣೆ. ಡಿಗ್ರಿ ಓದಲು ಬಂದು ಚೌಕಾಬಾರಾ ಆಡುತ್ತಿದ್ದೇವೆ ಎಂದು ನಾವು ಹಿಂದೆ ಕೂತು ನಗುತ್ತಿದ್ದೆವು.

ನಾನು ಬರೆದ ಮೊದಲ ಲೂಪ್ ನನ್ನ ಹೆಸರನ್ನು ಐದು ಸಲ ತೋರಿಸಬೇಕಿತ್ತು. ಎಣಿಕೆ ಹೆಚ್ಚಿಸುವ ಸಾಲನ್ನೇ ಮರೆತಿದ್ದೆ. ಪರದೆ ತುಂಬ ನಿಲ್ಲದೆ ಶೋಭಾ, ಶೋಭಾ, ಶೋಭಾ. ಗಾಬರಿಯಾಗಿ ಸ್ವಿಚ್ಚಿಗೆ ಕೈ ಹಾಕಿದರೆ ಮೇಡಂ ತಡೆದರು.

"ನೋಡ್ತಾ ಕೂತ್ಕೋ. ಅದಕ್ಕೆ ಸುಸ್ತಾಗಲ್ಲ ಕಣಮ್ಮ, ಸಾಕು ಅನ್ನೋದೂ ಗೊತ್ತಿಲ್ಲ. ಸಾಕು ಅನ್ನೋದನ್ನ ನಾವೇ ಬರೀಬೇಕು. ಅದೂ ಶುರು ಮಾಡೋಕ್ ಮುಂಚೆ."

ಇಷ್ಟು ಖಡಕ್ಕಾಗಿ ಹೇಳುವ ಹೆಂಗಸಿಗೆ ಮೂವರು ಹೆಣ್ಣುಮಕ್ಕಳು. ನಗರಗೆರೆಯ ಅವರ ಅತ್ತೆಗೆ ಒಬ್ಬನೇ ಮಗನಿಂದ ಗಂಡು ಮೊಮ್ಮಗನೇ ಬೇಕು. ಮೂರನೆಯ ಹೆರಿಗೆಯಲ್ಲಿ ರಕ್ತ ನಿಲ್ಲದೆ ಜೀವ ಉಳಿದದ್ದೇ ಹೆಚ್ಚು, ಇನ್ನು ಬೇಡವೆಂದು ಡಾಕ್ಟರು ಹೇಳಿದ್ದರೆಂಬುದು ಕಾಲೇಜಿಗೆಲ್ಲ ಗೊತ್ತಿತ್ತು. ನಾವು ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಮತ್ತೆ ಬಸುರಿ. ಊದಿದ ಪಾದಗಳನ್ನು ಸ್ಟೂಲಿನ ಮೇಲಿಟ್ಟುಕೊಂಡು ಪಾಠ ಮಾಡುತ್ತಿದ್ದರು. ಒಂದು ಸಂಜೆ ಲ್ಯಾಬ್ ಖಾಲಿಯಾದ ಮೇಲೆ ತಡೆಯಲಾರದೆ ಕೇಳಿಬಿಟ್ಟೆ.

"ಡಾಕ್ಟ್ರು ಬೇಡ ಅಂದಿದ್ರಂತಲ್ಲ ಮೇಡಂ. ನೀವ್ಯಾಕೆ ಸಾಕು ಅನ್ಲಿಲ್ಲ?"

ಅವರು ಬೈಯಲಿಲ್ಲ. "ಅಂದೆ ಕಣಮ್ಮ. ಹಂಗಾದ್ರೆ ಮಕ್ಕಳನ್ನ ಇಲ್ಲೇ ಬಿಟ್ಟು ತವರಿಗೆ ಹೋಗು ಅಂದ್ರು ನಮ್ಮತ್ತೆ" ಎಂದರು.

ನನಗೆ ಮೈಯೆಲ್ಲ ಉರಿಯಿತು. ಉರಿದು ಏನು ಬಂತು? "ಹೋಗಮ್ಮ, ಬಸ್ಸು ತಪ್ಪುತ್ತೆ" ಎಂದು ಅವರೇ ನನ್ನನ್ನು ಕಳಿಸಿದರು. ನನ್ನೊಡನೆ ಆಡಿದ ಕಡೆಯ ಮಾತು ಅದು.

ಹೆರಿಗೆಗೆಂದು ಚಿಕ್ಕಬಳ್ಳಾಪುರಕ್ಕೆ ಹೋದವರು ಹಿಂದಿರುಗಲಿಲ್ಲ. ಮಗು ಉಳಿಯಿತು, ಹೆಣ್ಣು.

ತಿಥಿಗೆ ನಾವು ನಾಲ್ಕೈದು ಜನ ಹುಡುಗಿಯರು ನಗರಗೆರೆಗೆ ಹೋದೆವು. ಮೇಡಂ ಮಕ್ಕಳು ಕಂಬಕ್ಕೊರಗಿ ಸಾಲಾಗಿ ಕೂತಿದ್ದರು, ದೊಡ್ಡವಳ ಮಡಿಲಲ್ಲಿ ಕೂಸು. ಫೋಟೋಗೆ ಹೂವಿಟ್ಟು ತಿರುಗಿದೆ. ಅತ್ತೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಯಾರ ಮಗಳಮ್ಮ ನೀನು? ನಮ್ಮೋರೇನಾ? ಮದುವೆ ಗೊತ್ತಾಗಿದ್ಯಾ? ನಮ್ಮ ಹುಡುಗಂಗೂ ಇನ್ನೂ ಅಂಥ ವಯಸ್ಸೇನಾಗಿಲ್ಲ."