ಒಂದು ಗೇಣು ತೆರೆದಿಟ್ಟ ಗಾದಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಜಯಪುರದ ಸೊಲ್ಲಾಪುರ ರಸ್ತೆಯ ತಗಡಿನ ಶೆಡ್ಡೊಂದರಲ್ಲಿ ಶಹಜಾದಿ ನದಾಫ ಹತ್ತಿ ತುಂಬಿದ ದೊಡ್ಡ ಚೀಲದ, ಅಂಡಿಗೆಯ, ಒಳಗೆ ಮೊಳಕೈವರೆಗೆ ಕೈ ತೂರಿಸಿ ಕೂತಿದ್ದಾರೆ. ತಳದಿಂದ ಒಂದು ಹಿಡಿ ಎಳೆದು, ಬೆರಳಲ್ಲಿ ಹಿಂಜಿ, ಎಳೆ ಉದ್ದಕ್ಕೆ ಬರುತ್ತದೋ ಪುಡಿಯಾಗಿ ಉದುರುತ್ತದೋ ಎಂದು ನೋಡುತ್ತಾರೆ. ಮೇಲಿನ ಹತ್ತಿಯ ಕಡೆ ಅವರಿಗೆ ಲಕ್ಷ್ಯವೇ ಇಲ್ಲ. ಕಳೆದ ವಾರ ಮೇಲಿನದನ್ನಷ್ಟೇ ನೋಡಿ ಪೆಟ್ಟು ತಿಂದಿದ್ದಾರೆ.

ಶಹಜಾದಿಗೆ ಈಗ ಐವತ್ತು ದಾಟಿದೆ. ಸೊಸೆಯಾಗಿ ಬಂದಾಗ ಅತ್ತೆ ಮಕ್ತುಮಬಿ ಕೈಗೆ ಕೊಟ್ಟ, ಹತ್ತಿಯ ಗಾದಿ ಹೊಲಿಯುವ ಸೂಜಿಯನ್ನು ಅವರು ಇನ್ನೂ ಕೆಳಗಿಟ್ಟಿಲ್ಲ. ಗಂಡ ಅಯೂಬ ಹತ್ತಿ ಹಿಂಜುವ ಯಂತ್ರ ನಡೆಸುತ್ತಾರೆ. ದಿನಕ್ಕೆ ಎರಡು ಗಾದಿ ಮುಗಿದರೆ ದೊಡ್ಡ ಮಾತು. ಗಂಡನಿಗೆ ಧೂಳಿನ ಕೆಮ್ಮು, ಹೆಂಡತಿಗೆ ಬಗ್ಗಿ ಬಗ್ಗಿ ನಡುನೋವು. ರಸ್ತೆಯ ತುಂಬ ರೆಡಿಮೇಡ್ ಅಂಗಡಿಗಳು ಎದ್ದ ಮೇಲೆ ಮದುವೆ ಹಂಗಾಮು ಬಿಟ್ಟರೆ ಇತ್ತ ಹಾಯುವವರು ಕಡಿಮೆ. ಬಂದವರು ಹೆಚ್ಚಾಗಿ ಅಂಗಡಿಯ ಗಾದಿ ಕೊಂಡು ಒಮ್ಮೆ ಮೋಸ ಹೋದವರೇ.

"ಬೆಳ್ಳಗಿದ್ದದ್ದೆಲ್ಲಾ ಹಾಲಲ್ರಿ," ಎನ್ನುತ್ತಾರೆ ಶಹಜಾದಿ. "ಮ್ಯಾಲಿನ ಬಟ್ಟಿ ಬಿಸಲಿಗೆ ಹಿಡೀರಿ, ಜಾಳಜಾಳ ಕಂಡ್ರ ಅಲ್ಲೇ ಇಟ್ಟ ಬಿಡ್ರಿ. ಫೋಮ್ ಇದ್ರ ಮೊಳಕಾಲ ಊರಿ ನೋಡ್ರಿ. ಕಾಲ ತಗದ ಮ್ಯಾಲೂ ತಗ್ಗ ಹಂಗ ಉಳಿತಂದ್ರ ನಾಳಿ ನಿಮ್ಮ ಬೆನ್ನಿನ ಗತೀನೂ ಅದೇ."

ಈ ಮನೆಯದೊಂದು ಪದ್ಧತಿಯಿದೆ. ಗಾದಿಯ ಒಂದು ಮೂಲೆಯನ್ನು ಗೇಣಿನಷ್ಟು ಹೊಲಿಯದೆ ಬಿಡುತ್ತಾರೆ. ಗಿರಾಕಿಯ ಮನೆಗೇ ಒಯ್ದು, ಅವರು ಕೈ ಹಾಕಿ ಒಳಗಿನದನ್ನು ತೆಗೆದು ನೋಡಿದ ಮೇಲೆ ಅಲ್ಲೇ ಕೂತು ಕೊನೆಯ ಹೊಲಿಗೆ ಹಾಕುತ್ತಾರೆ.

ಕಳೆದ ವಾರ ಹತ್ತಿರದ ಊರು ತಿಕೋಟಾದಲ್ಲಿ ಆ ಪದ್ಧತಿ ಅವರಿಗೇ ತಿರುಗಿಬಿತ್ತು. ಅಲ್ಲಿನ ತುಂಗಾಬಾಯಿ ನಿವೃತ್ತ ನರ್ಸ್, ಬೆನ್ನುನೋವಿನವರು. ಅಂಗಡಿಯಿಂದ ತಂದ ಗಾದಿ ವರ್ಷದೊಳಗೇ ನಡುವೆ ಕುಸಿದದ್ದರಿಂದ, ಈ ಸಲ ಬಾಳಿಕೆ ಬರುವುದೇ ಬೇಕೆಂದು ಶಹಜಾದಿಯನ್ನು ಹುಡುಕಿಕೊಂಡು ಬಂದಿದ್ದರು. ಮನೆಗೆ ಒಯ್ದ ಗಾದಿಯ ಹೊಲಿಯದ ಸಂದಿಯಲ್ಲಿ ಅವರು ಕೈ ಹಾಕಿದಾಗ ಮೊದಲು ಬಿಳಿ ಅರಳೆಯೇ ಬಂತು. ಇನ್ನಷ್ಟು ಆಳಕ್ಕೆ ಹೋದರೆ ಧೂಳುಧೂಳಾದ ಹಳೆಯ ಚಿಂದಿ, ನಡುವೆ ಒಂದು ಕೆಂಪು ದಾರ. ಮದುವೆ ಹಂಗಾಮಿನ ಗಡಿಬಿಡಿಯಲ್ಲಿ ಶಹಜಾದಿ ಅಂಡಿಗೆಯ ಬಾಯಿಯನ್ನಷ್ಟೇ ನೋಡಿ ಕೊಂಡಿದ್ದರು. ಅದನ್ನು ಹಿಂಜಿ ತುಂಬಿದವರು ಪೊರೆ ಬಂದ ಕಣ್ಣಿನ ಅಯೂಬ.

"ನೆಲ ಬಾಯಿ ಬಿಡಬಾರದಾ ಅನಸ್ತರಿ. ಊರಿಗೆಲ್ಲಾ ಶಕುನ ಹೇಳೋ ಹಲ್ಲಿ ತಾನ ಬಚ್ಚಲದಾಗ ಬಿದ್ದಂಗಾತು," ಎನ್ನುತ್ತಾರೆ ಶಹಜಾದಿ.

ಹತ್ತಿ ಮಾರಿದವನ ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ, ಗಾದಿಯನ್ನು ಸುತ್ತಿ ಮರಳಿ ತಂದರು. ಒಂದಿಷ್ಟು ಒಳ್ಳೆಯ ಅರಳೆ ಬೆರೆಸಿದರೆ ಯಾರಿಗೂ ತಿಳಿಯುವುದಿಲ್ಲ ಎಂದರು ಅಯೂಬ. "ಅವರಿಗೆ ತಿಳಿಯೂದಿಲ್ಲ ಖರೆ, ಅವರ ಬೆನ್ನಿಗೆ ತಿಳಿತೈತಿ," ಎಂದು ಶಹಜಾದಿ ಗಾದಿಯನ್ನು ಪೂರ್ತಿ ಬರಿದು ಮಾಡಿದರು. ಸಿಟ್ಟು ಅವರಿಗೆ ತಮ್ಮ ಮೇಲೆಯೇ. ಬೋರ್ಡು ಕೂಡ ಇಲ್ಲದ ಅಂಗಡಿಗೆ ಮಾತೇ ಬಂಡವಾಳ. ತಿಕೋಟಾದಲ್ಲಿ ಅದು ಒಮ್ಮೆ ಹೋದರೆ ಮತ್ತೆ ಬರುವಂಥದ್ದಲ್ಲ.

ಇವತ್ತು ಬಿಸಿಲು ಏರುವ ಮೊದಲೇ, ನಿನ್ನೆ ಹೊಸದಾಗಿ ತುಂಬಿಟ್ಟ ಗಾದಿ ಶಹಜಾದಿಯೊಂದಿಗೆ ಟಂಟಂ ಆಟೋ ಹತ್ತಿ ತಿಕೋಟಾ ತಲುಪುತ್ತದೆ. ಮಂಚದ ಮೇಲೆ ಹಾಸಿದ ಗಾದಿಯನ್ನು ತುಂಗಾಬಾಯಿ ಅಂಗೈಯಿಂದ ಒಮ್ಮೆ ಒತ್ತಿ, ಚಹಾಕ್ಕಿಡಲು ಒಳಗೆ ಹೊರಡುತ್ತಾರೆ.

"ಹೋದ ಸಲ ಒಂದ ಮಾತ ಆಡದ ಹೊಳ್ಳಿ ಒಯ್ದೀಯವಾ. ಇನ್ನೇನ ನೋಡೂದು? ಹೊಲಿದ ಬಿಡು."

ಶಹಜಾದಿಯ ಕಣ್ಣು ತುಂಬುತ್ತದೆ. ಸೂಜಿಗೆ ದಾರ ಪೋಣಿಸಿಯಾಗಿದೆ. ಆದರೂ ಹೊಲಿಯುವುದಿಲ್ಲ. ಗೇಣಗಲದ ಆ ಸಂದಿಯನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದು ಕೂರುತ್ತಾರೆ.

"ಅಕ್ಕಾರ, ಚಹಾ ಆಮ್ಯಾಲ. ಮೊದಲ ಕೈ ಹಾಕ್ರಿ. ಮೊಳಕೈ ತನಕ ಹಾಕ್ರಿ."