ಏಳು ನಿಮಿಷದ ದಾರಿ

ಗಲ್ಫಿನ ದೇರಾ ಪೇಟೆಯಲ್ಲಿ ನಮ್ಮ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ತೆರೆದರೆ ಎದುರಿನ ಕಟ್ಟಡದ ಏಸಿಗಳ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಫ್ಲ್ಯಾಟಿನ ಇನ್ನೊಂದು ಕೋಣೆಯಲ್ಲಿ ಬೇರೆ ಸಂಸಾರ. ಆರು ವರ್ಷದ ಮಗಳಿಗೆ ಆಡಲು ಕಾರಿಡಾರ್ ಬಿಟ್ಟರೆ ಜಾಗವಿರಲಿಲ್ಲ. ಅಲ್ಲಿ ಓಡಿದರೆ ವಾಚ್‌ಮನ್ ಬೈಯುತ್ತಿದ್ದ. ನಾನು ಕಟ್ಟಡ ಕಟ್ಟುವ ಕಂಪನಿಯೊಂದರಲ್ಲಿ ನಕ್ಷೆ ಬರೆಯುವವನು, ಹೆಂಡತಿ ಎರಡು ಗಲ್ಲಿ ಆಚೆಗಿನ ಕ್ಲಿನಿಕ್ಕಿನಲ್ಲಿ ನರ್ಸ್. ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು.

ಮಗು ನಡೆದೇ ಶಾಲೆಗೆ ಹೋಗುವಂಥ ಕಡೆ ಮನೆ ಮಾಡಬೇಕೆಂದು ಹಟ ಹಿಡಿದವನು ನಾನು. ಡ್ರೈವಿಂಗ್ ಟೆಸ್ಟಿನಲ್ಲಿ ನಾಲ್ಕು ಸಲ ಫೇಲಾಗಿದ್ದೆ, ಹಾಗಾಗಿ ದೇರಾಕ್ಕೆ ಬಸ್ಸೂ ಇರಬೇಕಿತ್ತು. ಮಲಯಾಳಿ ಬ್ರೋಕರ್ ಒಬ್ಬ ಊರ ಹೊರವಲಯದ ಮಿರ್ದಿಫ್‌ನಲ್ಲಿ ಒಂದು ವಿಲ್ಲಾದ ಹಿಂಭಾಗ ತೋರಿಸಿದ. ಎರಡು ಕೋಣೆ, ಬೇರೆಯೇ ಗೇಟು, ಅಂಗಳದಲ್ಲಿ ಬೇವಿನ ಮರ. "ಸ್ಕೂಲ್, ಪಾರ್ಕ್, ಬಸ್‌ಸ್ಟಾಪ್, ಸಬ್ ವಾಕಿಂಗ್ ಡಿಸ್ಟೆನ್ಸ್" ಎಂದ. ನಾನು ನಂಬಲಿಲ್ಲ. ಗಡಿಯಾರ ನೋಡಿಕೊಂಡು ಬಸ್‌ಸ್ಟಾಪಿಗೆ ನಡೆದೆ. ಏಳು ನಿಮಿಷ. ಫೆಬ್ರವರಿಯ ಶುಕ್ರವಾರ, ತಂಪು ಗಾಳಿ. ಮಗಳು ಗೋಡೆಯುದ್ದಕ್ಕೂ ಓಡಿ ಹೋಗಿ ಓಡಿ ಬಂದಳು. "ಪಪ್ಪಾ, ಕ್ಯಾನ್ ವಿ ಲಿವ್ ಹಿಯರ್?"

ಹೆಂಡತಿ ಮಾತ್ರ ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದಳು. "ಮಧ್ಯಾಹ್ನಕ್ಕೆ ನಾನು ಎಂತ ಮಾಡುವುದು?" ಎಂದಳು.

"ಎಂತ ಅಂದ್ರೆ? ಮನೆಗೆ ಬಾ. ಏಳೇ ನಿಮಿಷ ಅಲ್ವಾ?"

ಅವಳದು ಎರಡು ಪಾಳಿಯ ಕೆಲಸ. ಬೆಳಿಗ್ಗೆ ಒಂಬತ್ತರಿಂದ ಒಂದು, ಮತ್ತೆ ಐದರಿಂದ ಒಂಬತ್ತು. ದೇರಾದಲ್ಲಿದ್ದಾಗ ನಡುವೆ ಮನೆಗೆ ಬಂದು ಉಂಡು, ಮಗಳನ್ನು ಮಲಗಿಸಿ ಹೋಗುತ್ತಿದ್ದಳು. ದಿನಕ್ಕೆ ಎರಡು ಸಲ ನಡೆಯಬೇಕಾದವನು ನಾನು. ಅವಳು ನಾಲ್ಕು ಸಲ. ನಕ್ಷೆಯಲ್ಲಿ ಒಂದಿಂಚು ತಪ್ಪದ ನನಗೆ ಅದು ಹೊಳೆಯಲೇ ಇಲ್ಲ.

ಮುಂದಿನ ತಿಂಗಳೇ ಅಲ್ಲಿಗೆ ಮನೆ ಬದಲಿಸಿದೆವು. ಶಾಲೆಯ ದಾರಿ ನಿಜವಾಗಿಯೂ ಚೆನ್ನಾಗಿತ್ತು. ಮಗಳು ಬ್ಯಾಗು ಹೊತ್ತು, ನನ್ನ ಕೈ ಬಿಡಿಸಿಕೊಂಡು ಮುಂದೆ ಮುಂದೆ ಹೋಗುತ್ತಿದ್ದಳು. ಬಸ್‌ಸ್ಟಾಪಿನ ದಾರಿಯೇ ಬೇರೆ. ಫುಟ್‌ಪಾತ್ ಇಲ್ಲ, ಮರವಿಲ್ಲ. ಒಂದು ಕಡೆ ಎತ್ತರದ ಗೋಡೆಗಳು, ಇನ್ನೊಂದು ಕಡೆ ಮರಳು. ಮೇ ಬಂತು, ಬಿಸಿಲು ಏರಿತು. ಹೆಂಡತಿ ಮಧ್ಯಾಹ್ನ ಮನೆಗೆ ಬಂದವಳೇ ಬರಿ ನೆಲದ ಮೇಲೆ ಮಲಗಿಬಿಡುತ್ತಾಳೆ ಎಂದು ಮಗಳು ನನಗೆ ಹೇಳಿದಳು. ನಾನು ಕೇಳಿದರೆ, "ಏನಿಲ್ಲ, ನೀರು ಕುಡಿದ್ರೆ ಸರಿಯಾಗ್ತದೆ" ಎನ್ನುತ್ತಿದ್ದಳು.

ಜೂನ್ ಮೊದಲ ವಾರ, ಮತ್ತೆ ಬಸುರಿ ಎಂದು ಹೇಳಿದಳು. ಎರಡು ತಿಂಗಳು ಕಳೆದಿತ್ತು. ಮಧ್ಯಾಹ್ನ ಕ್ಲಿನಿಕ್ಕಿನಲ್ಲೇ ಎಲ್ಲಾದರೂ ಕೂತಿರು ಎಂದೆ. "ಮಗು ಶಾಲೆಯಿಂದ ಬಂದು ಬೀಗ ಹಾಕಿದ ಗೇಟಿನ ಎದುರು ನಿಲ್ಲುವುದಾ?" ಎಂದಳು. ಟ್ಯಾಕ್ಸಿಯಲ್ಲಿ ಬಾ ಎಂದೆ. ಆ ಹೊತ್ತಿಗೆ ಖಾಲಿ ಟ್ಯಾಕ್ಸಿ ಎಲ್ಲಿ ಸಿಗುತ್ತದೆ?

ಹತ್ತು ದಿನ ಕಳೆದು ನನ್ನ ಆಫೀಸಿಗೆ ಫೋನ್ ಬಂತು. ನಮ್ಮ ಪಕ್ಕದ ವಿಲ್ಲಾದ ಅರಬಿ ಹೆಂಗಸು. ಅಲ್ಲಿಯವರೆಗೆ ನಾವು ಆಕೆಯ ಕಾರನ್ನು ಮಾತ್ರ ನೋಡಿದ್ದೆವು. ಗೋಡೆಗೆ ಒರಗಿ ಮರಳಿನಲ್ಲಿ ಕೂತಿದ್ದ ನನ್ನ ಹೆಂಡತಿಯನ್ನು ಕಂಡು, ಕಾರಿಗೆ ಹತ್ತಿಸಿ ಆಸ್ಪತ್ರೆಗೆ ಸೇರಿಸಿದ್ದಳು. ನಾನು ಓಡಿ ಹೋದಾಗ ಆಕೆ ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು. ಮಗಳು ಆಕೆಯ ಅಬಾಯದ ತುದಿ ಹಿಡಿದುಕೊಂಡಿದ್ದಳು. ಆಕೆಯೇ ಗೇಟಿನ ಹತ್ತಿರದಿಂದ ಕರೆತಂದಿದ್ದಳಂತೆ. ನನ್ನನ್ನು ಕಂಡದ್ದೇ ಹರಕು ಹಿಂದಿಯಲ್ಲಿ ಸಿಟ್ಟಿನಿಂದ ಕೇಳಿದಳು: "ಇದರ್ ಕೋಯಿ ಪೈದಲ್ ನಹೀ ಚಲ್ತಾ. ತುಮ್ ಕೋ ಮಾಲೂಮ್ ನಹೀ?"

ಇಲ್ಲಿ ಯಾರೂ ನಡೆಯುವುದಿಲ್ಲ, ನಿನಗೆ ಗೊತ್ತಿಲ್ಲವೇ? ನಾನು ಮಗಳ ಕೈ ಹಿಡಿದು ವಾರ್ಡಿನೊಳಗೆ ಹೋದೆ.

ಹೊಟ್ಟೆಯಲ್ಲಿದ್ದ ಮಗು ಉಳಿಯಲಿಲ್ಲ. ಬಿಸಿಲಿನಿಂದಲೇ ಹೀಗಾಯಿತೆಂದು ಹೇಳಲು ಬರುವುದಿಲ್ಲ, ಎಷ್ಟೋ ಜನರಿಗೆ ಕಾರಣವಿಲ್ಲದೆ ಹೀಗಾಗುತ್ತದೆ ಎಂದರು ಡಾಕ್ಟರು. ಆ ಮಾತನ್ನು ನಾನು ಹೆಂಡತಿಗೆ ಎರಡು ಸಲ ಹೇಳಿದೆ. ಮೂರನೆಯ ಸಲ ಶುರು ಮಾಡಿದಾಗ ಅವಳು, "ಸಾಕು. ನಾನೂ ನರ್ಸೇ ಅಲ್ವಾ?" ಎಂದು ಗೋಡೆಯ ಕಡೆ ತಿರುಗಿದಳು.

ದೇರಾಕ್ಕೆ ವಾಪಸು ಹೋಗುವ ಎಂದೆ. ಅವಳು ಒಪ್ಪಲಿಲ್ಲ. ಮಗಳಿಗೆ ಶಾಲೆ ಹಿಡಿಸಿತ್ತು, ಗೆಳತಿಯರಿದ್ದರು. ಬದಲಿಗೆ ತಾನೇ ಕೆಲಸ ಬಿಟ್ಟಳು. ಹದಿಮೂರು ವರ್ಷ ಮಾಡಿದ ಕೆಲಸ. ರಕ್ತನಾಳ ಸಿಗದ ಮಕ್ಕಳಿಗೆ ಸೂಜಿ ಚುಚ್ಚಬೇಕಾದಾಗ ಡಾಕ್ಟರುಗಳೂ ಅವಳನ್ನೇ ಕರೆಯುತ್ತಿದ್ದರು. ಬೇಡ ಎಂದು ನಾನು ಗಟ್ಟಿಯಾಗಿ ಹೇಳಬೇಕಿತ್ತು. ಹೇಳಲಿಲ್ಲ. ಒಳಗೊಳಗೆ ನನಗೆ ಹಗುರವೇ ಆಯಿತು. ಅದನ್ನು ಇವತ್ತಿಗೂ ಅವಳಿಗೆ ಹೇಳಿಲ್ಲ.

ಒಂದು ಶುಕ್ರವಾರ ಕ್ಲಿನಿಕ್ಕಿನ ಇಬ್ಬರು ನರ್ಸುಗಳು ಕೇಕು ಹಿಡಿದುಕೊಂಡು ಮನೆಗೆ ಬಂದರು. ಒಬ್ಬಾಕೆ ಕುಂದಾಪುರದವಳು. ಅಂಗಳದಲ್ಲಿ ಮಗಳು ಸೈಕಲ್ ತುಳಿಯುವುದನ್ನು ನೋಡಿ ಅವಳಿಗೆ ಆಸೆಯಾಯಿತು.

"ಅಕ್ಕ, ನಾವೂ ಮನೆ ಹುಡುಕ್ತಾ ಇದ್ದೇವೆ. ಇಲ್ಲಿ ಸಂಸಾರಕ್ಕೆ ಒಳ್ಳೇದುಂಟಾ?"

"ಮಕ್ಕಳಿಗೆ ತುಂಬಾ ಒಳ್ಳೇದುಂಟು" ಎಂದಳು ನನ್ನ ಹೆಂಡತಿ, ಕೇಕು ಕತ್ತರಿಸುತ್ತಾ. ಆಮೇಲೆ ಚಾಕು ಬದಿಗಿಟ್ಟು ಕೇಳಿದಳು: "ನಿನಗೆ ಕಾರು ಬಿಡ್ಲಿಕ್ಕೆ ಬರ್ತದಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದ್ರೆ ದೇರಾದಲ್ಲೇ ಇರು."