ವೈಡ್ ರಿಸೀವರ್ ಗಿರಿಯಪ್ಪ

ಪಂದ್ಯ ಮುಗಿದ ಮೇಲೆ ಬೆಲ್ಟುಗಳ ಚೀಲ ಯಾರ ಮನೆಗೆ ಹೋಗಬೇಕು ಎಂಬುದಕ್ಕೆ ಸ್ಯಾಂಡ್ ಹಾಕ್ಸ್ ತಂಡದಲ್ಲಿ ಒಂದು ನಿಯಮವಿತ್ತು. ಆ ದಿನ ಅತಿ ಹೆಚ್ಚು ಕ್ಯಾಚ್ ಕೈಚೆಲ್ಲಿದವನು ಚೀಲ ಹೊರಬೇಕು. ಹನ್ನೆರಡು ಮಂದಿಯ ಬೆವರು ಕುಡಿದ ಹನ್ನೆರಡು ಬೆಲ್ಟುಗಳು, ಒಂದೊಂದಕ್ಕೂ ಎರಡು ಬಟ್ಟೆಯ ಪಟ್ಟಿ. ಎಲ್ಲವನ್ನೂ ತೊಳೆದು, ಒಣಗಿಸಿ, ಮುಂದಿನ ಶುಕ್ರವಾರ ಮೈದಾನಕ್ಕೆ ತರಬೇಕು. ಈ ಸಲ ಜನವರಿ ತಿಂಗಳಿಡೀ ಆ ಚೀಲ ದೋಹಾದ ಅಲ್ ಹಿಲಾಲ್‌ನಲ್ಲಿದ್ದ ಗಿರಿಯಪ್ಪನ ಫ್ಲ್ಯಾಟಿಗೇ ಬಂತು.

"ಈ ವಾರವೂ ನಿಮಗೆಯಾ?" ಬಾಗಿಲು ತೆಗೆದ ಹೆಂಡತಿ ಸ್ವರ್ಣಲತಾ ಕೇಳಿದಳು.

"ಹ್ಞೂಂ."

"ಆ ಟೀಮಿನಲ್ಲಿ ಬೇರೆ ಯಾರೂ ಬಾಲ್ ಬಿಡುದೇ ಇಲ್ವಾ?"

"ಬಿಡ್ತಾರೆ. ನನ್ನಷ್ಟು ಚಂದ ಮಾಡಿ ಬಿಡ್ಲಿಕ್ಕೆ ಬರುದಿಲ್ಲ ಅವರಿಗೆ."

ಅವಳು ನಗಲಿಲ್ಲ. ಅಲ್ ಸದ್ದ್‌ನ ಹಲ್ಲಿನ ಕ್ಲಿನಿಕ್ಕೊಂದರಲ್ಲಿ ವಾರಕ್ಕೆ ಆರು ದಿನ ರಿಸೆಪ್ಶನ್‌ನಲ್ಲಿ ಕೂತು ಬರುವ ಹೆಂಗಸು ಅವಳು. ಶುಕ್ರವಾರ ರಾತ್ರಿ ಬಕೆಟ್ ತುಂಬ ಬೆಲ್ಟು ನೆನೆಹಾಕುವುದರಲ್ಲಿ ಅವಳಿಗೆ ತಮಾಷೆಯೇನೂ ಕಾಣುತ್ತಿರಲಿಲ್ಲ. ಆದರೂ ಗಂಡ ಬೂಟು ಬಿಚ್ಚಲು ಬಗ್ಗಿದಾಗ ಮಂಡಿ ಹಿಡಿದುಕೊಂಡದ್ದನ್ನು ನೋಡಿ, ಚೀಲವನ್ನು ತಾನೇ ಎತ್ತಿಕೊಂಡು ಹೋದಳು.

ಆಟದ ಹೆಸರು ಫ್ಲ್ಯಾಗ್ ಫುಟ್‌ಬಾಲ್. ಅಮೆರಿಕದವರ ಫುಟ್‌ಬಾಲಿನ ಮೆದುವಾದ ರೂಪ. ಅಲ್ಲಿ ಹೆಲ್ಮೆಟ್ ಹಾಕಿಕೊಂಡವರು ಒಬ್ಬರ ಮೇಲೊಬ್ಬರು ಬಿದ್ದು ಕೆಡವುತ್ತಾರೆ. ಇಲ್ಲಿ ಕೆಡವುವಂತಿಲ್ಲ, ಚೆಂಡು ಹಿಡಿದವನ ಸೊಂಟದ ಪಟ್ಟಿ ಕಿತ್ತರೆ ಸಾಕು, ಅವನ ಓಟ ಅಲ್ಲಿಗೆ ನಿಂತಿತು. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಮೈದಾನದ ಅಂಚಿನಲ್ಲಿ ನಿಂತು, ಸನ್ನೆ ಸಿಕ್ಕೊಡನೆ ಮುಂದಕ್ಕೆ ಓಡಿ, ಬೆನ್ನಟ್ಟಿದವನನ್ನು ತಪ್ಪಿಸಿ, ಆ ಎಸೆತವನ್ನು ಹಿಡಿದು ಎದುರಾಳಿಯ ಕೊನೆಯ ಗೆರೆಯತ್ತ ಓಡುವವನು ವೈಡ್ ರಿಸೀವರ್. ಹನ್ನೊಂದು ವರ್ಷ ಗಿರಿಯಪ್ಪ ಮಾಡಿದ್ದು ಅದನ್ನೇ. ವಾರದ ಆರು ದಿನ ಇಂಡಸ್ಟ್ರಿಯಲ್ ಏರಿಯಾದ ಶೆಡ್ಡಿನಲ್ಲಿ ಏಸಿ ಗಾಳಿಯ ತಗಡಿನ ಕೊಳವೆ ಮಾಡಿಸುವ ಫೋರ್‌ಮನ್, ಶುಕ್ರವಾರ ಸಂಜೆ ನಾಲ್ಕರಿಂದ ವೈಡ್ ರಿಸೀವರ್.

ಅವನು ಕಾರ್ಕಳದ ಆಚೆ ನಾರಾವಿಯವನು. ತಾಯಿ ಬೀಡಿ ಕಟ್ಟಿ ಐಟಿಐ ಓದಿಸಿದರು. ಓದುವಾಗಲೇ ಊರಿನ ಯುವಕ ಮಂಡಲಕ್ಕೆ ಕಬಡ್ಡಿ ಆಡುತ್ತಿದ್ದ. ಹೊನಲು ಬೆಳಕಿನ ಪಂದ್ಯಗಳಲ್ಲಿ ಅವನು ರೈಡಿಗೆ ಹೊರಟರೆ ಮೈಕಿನವನು ಹೆಸರು ಹಿಡಿದು ಕೂಗುತ್ತಿದ್ದ. ಇಪ್ಪತ್ತನಾಲ್ಕಕ್ಕೆ ದೋಹಾಕ್ಕೆ ಬಂದ. ಆರು ವರ್ಷದ ನಂತರ ಒಂದು ಶುಕ್ರವಾರ ಊರಿನವರೊಂದಿಗೆ ಪಾರ್ಕಿನ ಹುಲ್ಲಿನ ಮೇಲೆ ಕಬಡ್ಡಿ ಆಡುತ್ತಿದ್ದಾಗ, ಅವನ ಕಂಪನಿಯ ಅಕೌಂಟೆಂಟ್ ರಾಫೆಲರ ಮಗ ಟ್ರೆವರ್ ಅಲ್ಲಿಗೆ ಬಂದ. ದೋಹಾದಲ್ಲೇ ಹುಟ್ಟಿ ಬೆಳೆದ ಇಪ್ಪತ್ತರ ಹುಡುಗ, ಕಾಲೇಜಿನಲ್ಲಿ ಈ ಆಟ ಕಲಿತು ಸ್ಯಾಂಡ್ ಹಾಕ್ಸಿನ ಕ್ವಾರ್ಟರ್‌ಬ್ಯಾಕ್ ಆಗಿದ್ದ.

"ಅಣ್ಣ, ನಮ್ಗೆ ಒಂದು ಜನ ಕಮ್ಮಿ ಉಂಟು. ನಿಮ್ಮ ಸೊಂಟ ಯಾರಿಗೂ ಸಿಗುದಿಲ್ಲ. ಬರ್ತೀರಾ?"

ಸೊಂಟ ಸಿಗದಿದ್ದದ್ದು ನಿಜ. ಆದರೆ ಮೊದಲ ಪಂದ್ಯದಲ್ಲೇ ಗಿರಿಯಪ್ಪ ಎಲ್ಲರ ಬಾಯಲ್ಲಿ ಕತೆಯಾದ. ಚೆಂಡು ಹಿಡಿದ. ಎದುರಿಗೆ ಮೂವರು ಬಂದರು. ಹದಿನೈದು ವರ್ಷ ಕಬಡ್ಡಿ ಆಡಿದ ಕಾಲುಗಳಿಗೆ ಅಂಥ ಹೊತ್ತಿನಲ್ಲಿ ಗೊತ್ತಿದ್ದದ್ದು ಒಂದೇ ದಾರಿ: ಮುಟ್ಟು, ತಿರುಗು, ನಡುಗೆರೆ ದಾಟಿ ಸ್ವಂತ ಅಂಗಳ ಸೇರು. ಅವನು ಒಬ್ಬನ ಭುಜಕ್ಕೆ ತಟ್ಟಿ, ಹಿಂದಿರುಗಿ ಗಾಳಿಯಂತೆ ಓಡಿ, ನಡುಗೆರೆ ದಾಟಿ, ಎರಡೂ ಕೈ ಮೇಲೆತ್ತಿ ನಿಂತ. ಅಂಪೈರ್ ಸೀಟಿ ಊದುವುದನ್ನೇ ಮರೆತ. ಲೆಬನಾನಿನ ಒಬ್ಬ ಆಟಗಾರ ನೆಲದ ಮೇಲೆ ಕೂತು ನಕ್ಕ.

"ಗಿರಿಯಣ್ಣ, ನೀವು ಯಾವ ಟೀಮು?" ಎಂದು ಟ್ರೆವರ್ ಕೇಳಿದ.

ಆ ಚಾಳಿ ಬಿಡಲು ಒಂದು ಇಡೀ ಸೀಸನ್ ಹಿಡಿಯಿತು. ಬಿಟ್ಟ ಮೇಲೆ ಅವನನ್ನು ತಡೆಯುವುದು ಕಷ್ಟವಾಯಿತು. 2019ರಲ್ಲಿ ಒಂದೇ ಸೀಸನ್ನಿನಲ್ಲಿ ಹದಿನಾಲ್ಕು ಸಲ ಚೆಂಡನ್ನು ಕೊನೆಯ ಗೆರೆ ದಾಟಿಸಿದ. ಅದಕ್ಕೂ ಮೊದಲಿನ ವರ್ಷ ಕುವೈತಿನ ಟೂರ್ನಮೆಂಟಿಗೆ ತಂಡ ಹೊರಟಾಗ ಅವನ ಮ್ಯಾನೇಜರು "ಮಾಫಿ ಲೀವ್, ಖಲಾಸ್" ಎಂದು ರಜೆ ನಿರಾಕರಿಸಿಬಿಟ್ಟ. ತಂಡ ಅವನಿಲ್ಲದೆ ಹೋಗಿ ಸೋತು ಬಂತು. ಎಡಗೈಯ ಉಂಗುರದ ಬೆರಳು ಎರಡು ಸಲ ಕೀಲು ತಪ್ಪಿ ಸೊಟ್ಟಗಾಗಿದೆ. ಮದುವೆಯ ಉಂಗುರ ಈಗ ಅದಕ್ಕೆ ಇಳಿಯುವುದಿಲ್ಲ. ಸ್ವರ್ಣಲತಾ ಅದನ್ನು ತನ್ನ ಸರಕ್ಕೆ ಪೋಣಿಸಿಕೊಂಡಿದ್ದಾಳೆ.

ಈಗ ಅವನಿಗೆ ನಲವತ್ತೊಂದು. ಶೆಡ್ಡಿನಲ್ಲಿ ದಿನವಿಡೀ ಸಿಮೆಂಟಿನ ನೆಲದ ಮೇಲೆ ನಿಂತ ಕಾಲು ಗುರುವಾರ ಸಂಜೆಗೇ ಸೋತಿರುತ್ತದೆ. ಶುಕ್ರವಾರ ಬೆಳಿಗ್ಗೆ ಮಂಡಿಗೆ ಬಿಸಿನೀರು, ಮಧ್ಯಾಹ್ನ ಮುಲಾಮು, ಮೂರಕ್ಕೆ ಬಿಗಿಯಾದ ಪಟ್ಟಿ. ಇಷ್ಟೆಲ್ಲ ಮಾಡಿ ಮೈದಾನಕ್ಕೆ ಹೋದರೆ, ತಿರುಗುವಷ್ಟರಲ್ಲಿ ಚೆಂಡು ದಾಟಿ ಹೋಗಿರುತ್ತಿತ್ತು.

ಹೀಗಿರುವಾಗಲೇ ಇರ್ಷಾದ್ ಬಂದದ್ದು. ಉಪ್ಪಿನಂಗಡಿಯವನು, ಇಪ್ಪತ್ತಮೂರು ವರ್ಷ, ಕಾರ್ಗೋ ಆಫೀಸಿನಲ್ಲಿ ಕೆಲಸ, ಊರಿನಲ್ಲಿ ವಾಲಿಬಾಲ್ ಆಡಿದವನು. ಅಭ್ಯಾಸದ ದಿನ ಅವನು ಹಾರಿ ಒಂದೇ ಕೈಯಲ್ಲಿ ಚೆಂಡು ಹಿಡಿದದ್ದನ್ನು ಗಿರಿಯಪ್ಪ ನೀರಿನ ಬಾಟಲಿ ಬಾಯಿಗೆ ಹಿಡಿದುಕೊಂಡೇ ನೋಡಿದ. ಆದರೆ ಲೀಗಿನ ನಿಯಮದಂತೆ ಒಂದು ತಂಡಕ್ಕೆ ಹನ್ನೆರಡೇ ಹೆಸರು. ಸ್ಯಾಂಡ್ ಹಾಕ್ಸಿನ ಪಟ್ಟಿ ತುಂಬಿತ್ತು. ಹೊಸಬ ಬರಬೇಕಾದರೆ ಹಳಬನೊಬ್ಬ ತನ್ನ ಫೋನಿನಲ್ಲಿ ಲೀಗಿನ ಆ್ಯಪ್ ತೆರೆದು ತಾನೇ ಹೆಸರು ತೆಗೆಸಬೇಕು. ತೆಗೆಸಿದವನು ಆ ಸೀಸನ್ನಿನಲ್ಲಿ ಮತ್ತೆ ಸೇರುವಂತಿಲ್ಲ. ಸೆಮಿಫೈನಲ್‌ಗೆ ಮೊದಲು ಪಟ್ಟಿ ಬದಲಿಸಲು ಬುಧವಾರ ಕೊನೆಯ ದಿನ.

ಯಾರೂ ಏನೂ ಹೇಳಲಿಲ್ಲ. ಗಿರಿಯಪ್ಪನೂ ಕೇಳಲಿಲ್ಲ. ಕೊನೆಯ ಲೀಗ್ ಪಂದ್ಯದಲ್ಲಿ ಚೆನ್ನಾಗಿ ಆಡಿದರೆ ಹನ್ನೆರಡರಲ್ಲಿ ತನ್ನ ಜಾಗ ಉಳಿಯುತ್ತದೆ, ಇನ್ನೊಂದು ವರ್ಷ ಎಳೆಯಬಹುದು ಎಂದು ಅವನು ಒಳಗೊಳಗೇ ಎಣಿಸಿಕೊಂಡಿದ್ದ.

ಆ ಪಂದ್ಯದಲ್ಲಿ ಅವನು ಮೂರು ಚೆಂಡು ಬಿಟ್ಟ. ಮೂರನೆಯದಂತೂ ಎದೆಗೆ ಬಂದು ತಾಗಿದ ಚೆಂಡು. ತಂಡ ಹೇಗೋ ಗೆದ್ದಿತು. ಆಟ ಮುಗಿದು ಬೆಲ್ಟು ಬಿಚ್ಚಿ ಹಾಕಿದ ಮೇಲೆ ಗಿರಿಯಪ್ಪ ಎಂದಿನಂತೆ ಚೀಲಕ್ಕೆ ಕೈಹಾಕಿದ. ಅಷ್ಟರಲ್ಲಿ ಆನ್ಸೆಲ್ಮ್ ಅದನ್ನು ಎಳೆದುಕೊಂಡ. ಆನ್ಸೆಲ್ಮ್ ಶಿರ್ವದವನು, ಬ್ಯಾಂಕಿನಲ್ಲಿ ಗುಮಾಸ್ತ, ತಂಡದಲ್ಲಿ ಎಲ್ಲರನ್ನೂ ಕೆಣಕುವವನು.

"ಇವತ್ತು ನಂದು, ಗಿರಿಯಣ್ಣ."

"ನಿನ್ನದು ಹೇಗೆ ಮಾರಾಯ? ನಿನ್ನ ಹತ್ತಿರ ಬಾಲೇ ಬರ್ಲಿಲ್ಲ."

"ಇಲ್ಲ, ನಾನೂ ಒಂದು ಬಿಟ್ಟೆ."

"ಒಂದು. ನಾನು ಮೂರು."

"ಇರ್ಲಿ ಬಿಡಿ. ನಮ್ಮ ಮನೆಯಲ್ಲಿ ಹೊಸ ವಾಷಿಂಗ್ ಮೆಷಿನ್ ಬಂದಿದೆ, ಹೆಂಡತಿ ಟೆಸ್ಟ್ ಮಾಡ್ಬೇಕು ಅಂತಿದ್ಲು."

ಸುತ್ತ ನಿಂತವರು ಬೂಟಿನ ಲೇಸು ಬಿಚ್ಚುವುದರಲ್ಲಿ ಮುಳುಗಿದ್ದರು. ಹೋದ ವಾರದವರೆಗೆ ಚೀಲ ಅವನ ಹೆಗಲಿಗೆ ಹಾಕುವಾಗ ಎಲ್ಲರೂ ಚಪ್ಪಾಳೆ ತಟ್ಟಿ ಹಾಸ್ಯ ಮಾಡುತ್ತಿದ್ದರು. ಇವತ್ತು ಯಾರೂ ತಲೆಯೆತ್ತಲಿಲ್ಲ. ಗಿರಿಯಪ್ಪನಿಗೆ ಅರ್ಥವಾಯಿತು. ಚೆಂಡು ಬಿಟ್ಟವನಿಗೆ ಮಾತ್ರ ಚೀಲ. ಬಿಟ್ಟರೂ ಕೊಡದೆ ಇರುವುದು ಮುದುಕರಿಗೆ, ಅತಿಥಿಗಳಿಗೆ.

ಬರಿಗೈಯಲ್ಲಿ ಬಂದ ಗಂಡನನ್ನು ನೋಡಿ ಸ್ವರ್ಣಲತಾ, "ಅಂತೂ ಇವತ್ತು ಚೆನ್ನಾಗಿ ಆಡಿದ್ರಿ," ಎಂದಳು. ಅವನು ಟವೆಲ್ ಎತ್ತಿಕೊಂಡ. ಸ್ನಾನಕ್ಕೆ ಹೋದ.

ಬುಧವಾರ ಕೆಲಸ ಮುಗಿಸಿ ನೇರ ಅಲ್ ಸದ್ದ್‌ಗೆ ಹೋದ. ಟ್ರೆವರ್‌ನ ಆಫೀಸಿನ ಕೆಳಗೆ ಒಂದು ಸಣ್ಣ ಕೆಫೆಟೇರಿಯಾ. ಇಬ್ಬರೂ ಕರಕ್ ಚಹಾದ ಕಾಗದದ ಲೋಟ ಹಿಡಿದು ಕಾರಿಗೆ ಒರಗಿ ನಿಂತರು. ಟ್ರೆವರ್‌ಗೆ ಈಗ ಮೂವತ್ತೊಂದು, ಕಿವಿಯ ಪಕ್ಕ ಕೂದಲು ತೆಳ್ಳಗಾಗಿತ್ತು.

"ಚೀಲ ಆನ್ಸೆಲ್ಮನಿಗೆ ತಕ್ಕೊಳ್ಳಿಕ್ಕೆ ಹೇಳಿದ್ದು ನೀನಾ?"

"ಹೌದು," ಎಂದ ಟ್ರೆವರ್.

"ಅದೊಂದು ಬೇಡಿತ್ತು."

"ಸಾರಿ, ಗಿರಿಯಣ್ಣ. ನಿಮ್ಗೆ ಬೇಜಾರಾಗ್ತದೆ ಅಂತ."

"ಎಷ್ಟು ದಿನದಿಂದ ಗೊತ್ತಿತ್ತು ನಿಂಗೆ?"

"ಡಿಸೆಂಬರಿನಿಂದ. ನೀವು ಟರ್ನ್ ಆಗುವಾಗ ಲೇಟ್ ಆಗ್ತದೆ. ನಾನು ಸ್ಲೋ ಎಸೀತಿದ್ದೆ."

"ಸ್ಲೋ ಎಸೆದದ್ದನ್ನೂ ಬಿಟ್ಟೆನಲ್ಲ."

"ಅದಕ್ಕೇ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ನನ್ನ ಫಸ್ಟ್ ಬಾಲ್ ಹಿಡಿದವರೇ ನೀವು."

"ಹಿಡಿದು ಉಲ್ಟಾ ಓಡಿದವನು," ಎಂದ ಗಿರಿಯಪ್ಪ. ಇಬ್ಬರೂ ಸ್ವಲ್ಪ ನಕ್ಕರು. ಅವನು ಫೋನು ತೆಗೆದು, ಕನ್ನಡಕ ಹಣೆಗೇರಿಸಿ, ಪಟ್ಟಿಯಿಂದ ಹೆಸರು ತೆಗೆಯಲು ಟ್ರೆವರ್ ತೋರಿಸಿದ ಕಡೆ ಒತ್ತಿದ. ಖಚಿತವೇ ಎಂದು ಅದು ಎರಡು ಸಲ ಕೇಳಿತು. ಎರಡು ಸಲವೂ ಹೌದೆಂದ. ಹನ್ನೊಂದು ವರ್ಷದ ಆಟ ಮುಗಿಸಲು ಒಂದು ನಿಮಿಷವೂ ಹಿಡಿಯಲಿಲ್ಲ.

"ಕೋಚ್ ಆಗಿ ಬನ್ನಿ," ಎಂದ ಟ್ರೆವರ್. "ಸೈಡಲ್ಲಿ ನಿಲ್ಲಿ, ಸಾಕು."

"ಬೇಡ ಮಾರಾಯ. ಸೈಡಲ್ಲಿ ನಿಂತ್ರೂ ಈ ಕಾಲು ಓಡಿದಷ್ಟೇ ಸುಸ್ತಾಗ್ತದೆ. ನೀನು ಆ ಇರ್ಷಾದನಿಗೆ ಫೋನ್ ಮಾಡು, ಟೈಮ್ ಮುಗಿಯುದರೊಳಗೆ."

ಶುಕ್ರವಾರ, ಸೆಮಿಫೈನಲ್ ದಿನ, ಊಟ ಮುಗಿಸಿ ಅವನು ಮಂಡಿಗೆ ಮುಲಾಮು ಹಚ್ಚಿಕೊಂಡ, ಯಾಕೆ ಹಚ್ಚಿಕೊಂಡೆನೆಂದು ಆಮೇಲೆ ಯೋಚಿಸಿದ. ಎರಡೂವರೆಗೆ ಫೋನು ಬಂತು.

"ಗಿರಿಯಣ್ಣ, ಇರ್ಷಾದ್. ಡಿಸ್ಟರ್ಬ್ ಮಾಡಿದ್ನಾ? ಟ್ರೆವರ್ ಎಸೆಯುವಾಗ ನಾನು ಯಾವಾಗ ತಿರುಗ್ಬೇಕು? ಮೊನ್ನೆ ಪ್ರಾಕ್ಟೀಸಲ್ಲಿ ಎರಡು ಸಲ ಮುಖಕ್ಕೆ ಬಂತು ಬಾಲ್."

ಗಿರಿಯಪ್ಪ ಹಾಸಿಗೆಯ ಮೇಲೆ ಮಲಗಿಕೊಂಡೇ ಹೇಳತೊಡಗಿದ. "ಹಿಂದೆ ನೋಡ್ತಾ ಓಡ್ಬೇಡ. ಒಂಬತ್ತು ಹೆಜ್ಜೆ ಎಣಿಸು, ಒಂಬತ್ತನೆಯದರಲ್ಲಿ ತಿರುಗು. ಅವನ ಬಾಲ್ ಕೊನೆಗೆ ಬಲಕ್ಕೆ ಒಂದು ಗೇಣು ವಾಲ್ತದೆ. ಸುಸ್ತಾದಾಗ ಎರಡು ಗೇಣು. ಅವನು ಎಡಗೈಯಲ್ಲಿ ಶಾರ್ಟ್ಸ್ ಒರೆಸಿಕೊಂಡ್ರೆ ಉದ್ದ ಎಸೀತಾನೆ ಅಂತ ಲೆಕ್ಕ. ಅದು ಅವನಿಗೇ ಗೊತ್ತಿಲ್ಲ, ನೀನು ಹೇಳ್ಲಿಕ್ಕೆ ಹೋಗ್ಬೇಡ. ಮತ್ತೆ ಹಿಡಿದ ಮೇಲೆ ಯಾರು ಬರ್ತಾರೆ ಅಂತ ನೋಡ್ಬೇಡ, ಎಲ್ಲಿ ಖಾಲಿ ಉಂಟು ಅಂತ ನೋಡು."

ಇಪ್ಪತ್ತು ನಿಮಿಷ ಮಾತಾಡಿದ. ಗೊತ್ತಿದ್ದದ್ದೆಲ್ಲ ಖಾಲಿಯಾಯಿತು. ಆ ಕಡೆಯಿಂದ ಇರ್ಷಾದ್, "ಬರೆದುಕೊಂಡೆ ಅಣ್ಣ," ಎಂದ.

ಫೋನಿಟ್ಟು ಕಣ್ಣು ಮುಚ್ಚಿದ. ಸೀಸನ್ ಶುರುವಾದಾಗಿನಿಂದ ಶುಕ್ರವಾರ ಮಧ್ಯಾಹ್ನ ಬಾರದ ನಿದ್ದೆ ಅವತ್ತು ಬಂತು. ನಾಲ್ಕು ಗಂಟೆಗೆ ಸ್ವರ್ಣಲತಾ ಇಣುಕಿ ನೋಡಿ, ಏಸಿಯ ಸದ್ದು ತಗ್ಗಿಸಿ, ಬಾಗಿಲು ಎಳೆದುಕೊಂಡಳು.

ಏಳರ ಹೊತ್ತಿಗೆ ಒಂಬತ್ತನೇ ಕ್ಲಾಸಿನ ಮಗಳು ಅಮಿತಾ ಬಾಗಿಲಲ್ಲಿ ನಿಂತು ಕರೆದಳು. "ಪಪ್ಪಾ, ಟ್ರೆವರ್ ಅಂಕಲ್ ಮೆಸೇಜ್ ಬಂದಿದೆ. ಮ್ಯಾಚ್‌ದು ಇರ್ಬೇಕು. ರೀಡ್ ಮಾಡ್ಲಾ?"

"ನಾಳೆ ಓದು ಮಗಳೇ," ಎಂದು ಗಿರಿಯಪ್ಪ ಮಗ್ಗುಲು ಬದಲಿಸಿದ.